ಭಾಗವ್ವ ಬರೆದ ಹತ್ತು ಸಾಲು

ಭಾಗವ್ವನ ನೋಟ್‌ಬುಕ್ಕಿನ ಆ ಪುಟ ನೆನಪಾದರೆ ಇವತ್ತಿಗೂ ನಾನು ತಲೆ ತಗ್ಗಿಸುತ್ತೇನೆ.

ವಿಜಯನಗರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಹೆಂಗಸು ಆಕೆ. ಊರು ಇಂಡಿ ಕಡೆ, ಬಾಡಿಗೆ ಮನೆ ಹೇರೋಹಳ್ಳಿಯಲ್ಲಿ. ಮಗಳು ಚೇತನಾಳ ಶಾಲೆಯಲ್ಲಿ ಪೋಷಕರ ಸಭೆ ನಡೆದಾಗ ಮಿಸ್ಸು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ಸುಮ್ಮನೆ ಗೋಣು ಹಾಕಿ ಬಂದಿದ್ದಳಂತೆ. ಮುಂದಿನ ಸಭೆಯಲ್ಲಿ ನಾಲ್ಕು ಮಾತನ್ನಾದರೂ ತಾನೇ ಆಡಬೇಕೆಂಬ ಹಟ. ಮಧ್ಯಾಹ್ನದ ಗದ್ದಲ ಮುಗಿದದ್ದೇ ತಡ, ಉಗುರಲ್ಲಿನ್ನೂ ಜೋಳದ ಹಿಟ್ಟಿರುವಾಗಲೇ, ದೊಡ್ಡವರಿಗೆಂದು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಓಡಿಬರುತ್ತಿದ್ದಳು. ರೊಟ್ಟಿಯ ಮೇಲೆ ಓಡುವ ಕೈ ಹಾಳೆಯ ಮೇಲೆ ಮಾತ್ರ ತೆವಳುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಡಬ್ಬಿ ತುಂಬ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು ತಂದಳು. ಆ ದಿನ ಅವಳ ಊರಲ್ಲಿ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಹಿಡಿದು, ಆ ಅಡುಗೆಯನ್ನೇ ಚರಗವೆಂದು ಬೆಳೆಯ ಸುತ್ತಲೂ ಚೆಲ್ಲುತ್ತಾರೆ. ಇಲ್ಲಿ ಹೊಲ ಎಲ್ಲಿಂದ ಬರಬೇಕು? ಬೆಳಿಗ್ಗೆ ಮನೆಯೆದುರಿನ ಖಾಲಿ ಸೈಟಿನಲ್ಲಿ ಚೆಲ್ಲಿದ್ದಳು. ಸೈಟಿನ ಯಜಮಾನ ದೊಡ್ಡಣ್ಣ ಓಡಿಬಂದು, “ಏನಮ್ಮಾ, ನಮ್ ಸೈಟೇನ್ ತಿಪ್ಪೆ ಅನ್ಕೊಂಡ್ಯಾ?” ಎಂದು ಬೈದು, ಅವಳ ಕೈಯಲ್ಲೇ ಎಲ್ಲ ಬಳಿಸಿದನಂತೆ.

“ಮಣ್ಣು ಯಾರದಾದ್ರೇನ್ರೀ ಟೀಚರ್, ತಾಯಿ ಅಲ್ಲೇನ್ರಿ?” ಎಂದಳು.

ನಾನು ಕಡಬು ಮೆಲ್ಲುತ್ತಾ ಹೂಂಗುಟ್ಟಿದೆ.

ಅವತ್ತಿನ ಪಾಠ ‘ಫೂಲಿಶ್ಲಿ’. ವಿವೇಕವಿಲ್ಲದೆ, ಹಿಂದುಮುಂದು ನೋಡದೆ ಏನಾದರೂ ಮಾಡಿದಾಗ ಬಳಸುವ ಪದ. ಉದಾಹರಣೆ ಮೊದಲು, ಅರ್ಥವನ್ನು ಮನೆಯಲ್ಲಿ ಹುಡುಕಿ ಬರಲಿ ಎಂಬುದು ನನ್ನ ಪದ್ಧತಿ. ಪುಸ್ತಕದಲ್ಲಿ ಉದಾಹರಣೆಗಳು ಬೇಕಾದಷ್ಟಿದ್ದವು. ನನಗೋ ಹಾಳು ಜಾಣತನ. ಬೋರ್ಡಿನ ಮೇಲೆ ಬರೆದೆ: ‘ಭಾಗವ್ವ ಫೂಲಿಶ್ಲಿ ಥ್ರೂ ಗುಡ್ ಫುಡ್ ಆನ್ ಆ್ಯನ್ ಎಂಪ್ಟಿ ಸೈಟ್.’ ಒಳ್ಳೆಯ ಊಟವನ್ನು ಭಾಗವ್ವ ದಡ್ಡಿಯ ಹಾಗೆ ಖಾಲಿ ಸೈಟಿಗೆ ಎಸೆದಳು ಎಂದು.

ಅರ್ಥ ಗೊತ್ತಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕರು. ಬೋರ್ಡಿನಲ್ಲಿ ತನ್ನ ಹೆಸರು ಕಂಡ ಸಂತೋಷಕ್ಕೆ ಭಾಗವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಹತ್ತು ಸಲ ಬರೆದುಕೊಂಡು ಬನ್ನಿ ಎಂದು ಕಳಿಸಿದೆ. ನಾನೂ ನಗುತ್ತಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ನೋಟ್‌ಬುಕ್ ಮುಂದಿಟ್ಟಳು. ಹತ್ತು ಸಾಲು, ಒಂದೂ ತಪ್ಪಿಲ್ಲ. ಅಷ್ಟು ಚೆಂದದ ಅಕ್ಷರ ಅವಳು ಅದುವರೆಗೆ ಬರೆದಿರಲಿಲ್ಲ.

“ಎಲ್ಲಾ ಬರದು ಮುಗಿಸಿದ ಮ್ಯಾಲೆ ಚೇತನಾ ಅರ್ಥ ಹೇಳಿದ್ಲ್ರಿ” ಎಂದಳು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ.

“ಟೀಚರ್, ಒಂದು ಕೇಳ್ಲೇನ್ರಿ? ಚರಗಕ್ಕ ಮಾಡಿದ್ದ ಅಡಗೀನೇ ನಿಮಗೂ ತಂದು ಕೊಟ್ನೆಲ್ರಿ. ಅದಕ್ಕೂ ಇದೇ ಪದ ಹಾಕಬೇಕೇನ್ರಿ?”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕಲಿಯಲು ಬಂದವಳು, ತಿಳಿಯದ್ದನ್ನು ಕೇಳಿದಳು, ಅಷ್ಟೇ. ಹೊಸ ಪುಟ ತೆಗೆದು, ಪೆನ್ನು ಹಿಡಿದು, ನಾನು ಹೇಳುವುದನ್ನು ಬರೆದುಕೊಳ್ಳಲು ಕಾದು ಕುಳಿತಳು.