ಗ್ರೀಕ್ ಮೇಷ್ಟ್ರ ಕೆಂಪು ಗುರುತುಗಳು

ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದರೆ ಹುಳ ಹಿಡಿಯುವುದಿಲ್ಲ. ಆದರೆ ಅದು ಹಳೆಯದಾದ ಮೇಲೆ ಒದ್ದೆ ಬಟ್ಟೆ ತಾಗಿಸಿದರೆ ಒಂದು ಹುಳಿ ವಾಸನೆ ಏಳುತ್ತದೆ. ಚಿಕ್ಕಂದಿನಿಂದ ಇದೇ ವಾಸನೆಯಲ್ಲಿ ಬೆಳೆದವಳು ನಾನು, ಮೂಗಿಗೆ ಅದು ಗೊತ್ತೂ ಆಗುವುದಿಲ್ಲ. ಕಳೆದ ವಾರ ಗೊತ್ತಾಯಿತು. ಮತ್ತಿಕೆರೆಯಿಂದ ಬಂದ ಹೆಂಗಸೊಬ್ಬಳು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ದೊಡ್ಡಪ್ಪನದಂತೆ, ರಟ್ಟು ಕಿತ್ತು ಬಂದಿದೆ, ಶೋಕೇಸಿನಲ್ಲಿ ಇಡಬೇಕು, ಸ್ವಲ್ಪ ಚೆನ್ನಾಗಿ ಮಾಡಿಕೊಡಿ ಎಂದಳು. ಮೆರೂನ್ ಬಣ್ಣದ ಬಟ್ಟೆ ಹೊದಿಕೆ. ನಾನೇ ಹಾಕಿದ್ದು. ದೊಡ್ಡಪ್ಪ ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಅವಳು ಹೋದ ಮೇಲೆ ಪುಸ್ತಕದ ಬೆನ್ನಿಗೆ ಒದ್ದೆ ಬಟ್ಟೆ ಹಾಸಿ, ಅಂಟು ನೆನೆಯಲೆಂದು ಕಾಯುತ್ತ ಕುಳಿತೆ...

ನಾವು ಅವರನ್ನು ಗ್ರೀಕ್ ಮೇಷ್ಟ್ರು ಎನ್ನುತ್ತಿದ್ದೆವು. ಚಾಮರಾಜಪೇಟೆಯ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಆಗ ಅಪ್ಪ ಕೂರುತ್ತಿದ್ದರು, ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಮೇಷ್ಟ್ರು ಪಾದ್ರಿಗಳಾಗಲು ಓದುವ ಹುಡುಗರಿಗೆ ಗ್ರೀಕ್ ಕಲಿಸಿ ನಿವೃತ್ತರಾದವರು, ಶೇಷಾದ್ರಿಪುರಂನಲ್ಲಿ ಒಬ್ಬರೇ ಇದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು, ಒಂದು ಕಪ್ಪು, ಒಂದು ಕೆಂಪು. ರಿಟೈರಾದರೂ ಪೇಪರ್ ತಿದ್ದುವ ಚಟ ಹೋಗಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅವರನ್ನು ಚಿಕ್ಕ ವಯಸ್ಸಿನಲ್ಲಿ ಓದಲೆಂದು ಹೊರದೇಶಕ್ಕೆ ಕಳಿಸಿದ್ದರಂತೆ. ಅಲ್ಲಿನ ಒಂದು ಗ್ರಂಥಾಲಯದಲ್ಲಿ ಸುಮಾರು ಸಾವಿರ ವರ್ಷದ ಹಳೆಯ ಕೈಬರಹದ ಪುಸ್ತಕವಿತ್ತು. ಗ್ರೀಕ್ ಭಾಷೆಯಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳು, ಯಾವುದೋ ಮಠದ ಸನ್ಯಾಸಿ ಚರ್ಮದ ಹಾಳೆಗಳ ಮೇಲೆ ಬರೆದದ್ದು. ಎರಡು ಚಳಿಗಾಲ ಅದರ ಮುಂದೆ ಕುಳಿತು ಇವರು ಪೂರ್ತಿ ನಕಲು ಮಾಡಿಕೊಂಡಿದ್ದರು. ಅಲ್ಲಿ ಪೆನ್ನು ಒಳಗೆ ಬಿಡುತ್ತಿರಲಿಲ್ಲವಂತೆ, ಎಲ್ಲವೂ ಪೆನ್ಸಿಲ್ಲಿನಲ್ಲೇ. ಚರ್ಮದ ಹಾಳೆಯ ಒಂದು ಮೈ ನುಣುಪು, ಇನ್ನೊಂದು ಮೈಯಲ್ಲಿ ಕೂದಲಿದ್ದ ಕಡೆ ಸಣ್ಣ ಚುಕ್ಕೆಗಳು ಕಾಣುತ್ತವೆ ಎಂದು ಅವರು ಹೇಳಿದಾಗ ಅಪ್ಪ ಹಣೆಯ ವಿಭೂತಿ ಮುಟ್ಟಿಕೊಂಡು, "ಚರ್ಮದ ಮೇಲೆ ದೇವರ ಮಾತಾ ಸಾರ್?" ಎಂದರು.

"ಮೃದಂಗಕ್ಕೆ ಏನು ಹಾಕ್ತಾರೆ ಸ್ವಾಮಿ? ಭಜನೆಗೆ ಅದೇ ಅಲ್ವಾ ಬಾರಿಸೋದು?" ಎಂದು ಮೇಷ್ಟ್ರು ನಕ್ಕರು. ಅಪ್ಪ ಕಾಫಿ ತರಿಸಿದರು. ಅವರಿಬ್ಬರ ಸ್ನೇಹ ಕುದುರಿದ್ದು ಹಾಗೆ.

ನಿವೃತ್ತಿಯಾದ ಮೇಲೆ ಅವರು ಆ ಪೆನ್ಸಿಲ್ ಹಾಳೆಗಳನ್ನು ಶುದ್ಧಪ್ರತಿ ಮಾಡಲು ಕುಳಿತರು. ಕಾಗದ ಆರಿಸಿದ್ದು ನಮ್ಮಲ್ಲಿ, ಮಡಚಿಸಿಕೊಂಡು ಹೋದದ್ದೂ ನಮ್ಮಲ್ಲೇ. ಸನ್ಯಾಸಿ ಒಂದು ಪುಟದಲ್ಲಿ ಎಷ್ಟು ಸಾಲು ಬರೆದಿದ್ದನೋ ಅಷ್ಟೇ ಸಾಲು, ಎಲ್ಲಿ ನಿಲ್ಲಿಸಿದ್ದನೋ ಅಲ್ಲೇ. ಹೊರದೇಶಕ್ಕೆ ಹೋಗಲಾಗದ ಹುಡುಗರು ಆ ಪುಸ್ತಕ ಹೇಗಿದೆಯೆಂದು ಇಲ್ಲೇ ಕಾಣಲಿ, ತಾನು ಕಲಿಸಿದ ಕಾಲೇಜಿಗೆ ಕೊಡಬೇಕು ಎನ್ನುವುದು ಅವರ ಆಸೆ. ಕಣ್ಣಿನ ನರ ಒಣಗುತ್ತ ಬಂದಿತ್ತು. ಇನ್ನೆರಡು ವರ್ಷ ಓದಬಹುದು, ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆ ಎರಡು ವರ್ಷವನ್ನೂ ಅವರು ಇದಕ್ಕೇ ಇಟ್ಟರು. ಮುಗಿದ ಮೇಲೆ ಪುಡಿಯಾಗುತ್ತಿದ್ದ ಪೆನ್ಸಿಲ್ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದರಂತೆ. ಇನ್ನು ಅವುಗಳಿಂದ ಏನಾಗಬೇಕು ಎಂದುಕೊಂಡಿದ್ದರು.

"ಒಂದಕ್ಷರಾನೂ ಹೋಗ್ಬಾರ್ದಮ್ಮ" ಎಂದು ಹೇಳಿ ಶುದ್ಧಪ್ರತಿಯ ಕಟ್ಟನ್ನು ನನ್ನ ಕೈಗೇ ಕೊಟ್ಟರು.

ಹೋಗಗೊಡಲಿಲ್ಲ ಎಂದೇ ನಾನು ತಿಳಿದಿದ್ದೆ. ಹೊಲಿಗೆ ಹಾಕಿದೆ, ಬೆನ್ನಿಗೆ ಅಂಟು ಬಳಿದೆ. ಆಮೇಲೆ ಕಟಿಂಗ್. ಅಂಚು ಕತ್ತರಿಸದ ಪುಸ್ತಕವನ್ನು ಅಪ್ಪ ಕ್ಷೌರ ಮಾಡಿಸದ ಮುಖ ಎನ್ನುತ್ತಿದ್ದರು, ಅಂಥದ್ದು ನಮ್ಮ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಹಾಳೆಗಳ ಹೊರ ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಶಾಯಿಯ ಸಣ್ಣ ಸಣ್ಣ ಗುರುತುಗಳಿದ್ದವು. ಪ್ರೆಸ್ಸಿನಿಂದ ಬರುವ ಹಾಳೆಗಳಲ್ಲೂ ಅಂಚಿನಲ್ಲಿ ಗುರುತು ಇರುತ್ತದೆ, ಅದು ಇರುವುದೇ ಕತ್ತರಿಸಿ ತೆಗೆಯುವುದಕ್ಕೆ. ಬೈಂಡಿಂಗಿನವರ ಕಣ್ಣಿಗೆ ಅಂಚಿನ ಗುರುತೆಂದರೆ ಅಷ್ಟೇ. ಸ್ಕೇಲು ಹಿಡಿದು, ಕಪ್ಪು ಅಕ್ಷರ ಒಂದಕ್ಕೂ ತಾಗದ ಹಾಗೆ ಎರಡೆರಡು ಸಲ ಅಳತೆ ನೋಡಿ, ಮಿಷನ್ನಿನ ಚಕ್ರ ತಿರುಗಿಸಿದೆ. ಒಂದು ಬೆರಳಗಲ ಹೋಯಿತು. ಅಂಚು ಕನ್ನಡಿಯ ಹಾಗೆ ಬಂತು. ಅವತ್ತು ನನಗೆ ಬಹಳ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಾಲ್ಕು ದಿನ ಬಿಟ್ಟು ಮೇಷ್ಟ್ರು ಬಂದರು. ಮೆರೂನ್ ಬಟ್ಟೆ ಸವರಿದರು, ಬೆನ್ನಿನ ಮೇಲೆ ಬೆರಳಾಡಿಸಿದರು.

"ಬೆನ್ನು ಸ್ವಲ್ಪ ದಪ್ಪ ಆಯ್ತಲ್ವೇನಮ್ಮ?"

"ಗಟ್ಟಿ ಇರ್ಲಿ ಅಂತ ಸಾರ್" ಎಂದೆ.

ಆಮೇಲೆ ತೆರೆದರು. ಒಂದು ಹಾಳೆ, ಇನ್ನೊಂದು ಹಾಳೆ, ನಡುವೆ ಎಲ್ಲೋ, ಕೊನೆಯಲ್ಲಿ... ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡುತ್ತಿದ್ದರು. ಒಂದು ಪುಟದಲ್ಲಿ ಕೆಂಪು ಅಕ್ಷರವೊಂದರ ಚೂರು ಬಾಲ ಉಳಿದಿತ್ತು, ಅದರ ಮೇಲೆ ಬೆರಳಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತರಗತಿಯಲ್ಲಿ ಪಾಠ ಹೇಳುವವರಂತೆ ನಿಧಾನವಾಗಿ ವಿವರಿಸಿದರು. ಆ ಮಠದಲ್ಲಿ ದಿನಕ್ಕೊಂದು ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಓದುವವನು ಎಲ್ಲಿ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಸನ್ಯಾಸಿ ಅಂಚಿನಲ್ಲಿ ಕೆಂಪಿನಲ್ಲಿ ಬರೆದಿಟ್ಟಿದ್ದ, ಮೇಷ್ಟ್ರು ಅದನ್ನೂ ಹಾಗೆಯೇ ಕೆಂಪಿನಲ್ಲಿ ಇಳಿಸಿದ್ದರು. ಸುವಾರ್ತೆಯ ಮಾತುಗಳು ಯಾವ ಅಚ್ಚಿನ ಪುಸ್ತಕದಲ್ಲಾದರೂ ಸಿಗುತ್ತವೆ. ಆ ಮಠದವರು ಓದುತ್ತಿದ್ದ ಕ್ರಮ ಇದ್ದದ್ದು ಆ ಅಂಚಿನಲ್ಲಿ ಮಾತ್ರ.

"ಕತ್ತರಿಸಿದ ತುಂಡು ಇದೆಯೇನಮ್ಮ? ನಾಲ್ಕೈದು ಸಿಕ್ಕಿದ್ರೂ ಸಾಕು. ಅವರ ಕ್ರಮ ಯಾವ್ದು ಅಂತ ಹಿಡಿದ್ಬಿಟ್ರೆ ಮಿಕ್ಕಿದ್ದು ನಾನು ನೆನಪು ಮಾಡ್ಕೊಂಡು ಹೊಂದಿಸ್ತೀನಿ."

"ಎಲ್ಲಾ ರದ್ದಿಗೆ ಹೋಯ್ತು ಸಾರ್" ಎಂದೆ. ಸುಳ್ಳಲ್ಲ. ಚೂರುಗಳ ಮೂಟೆಯನ್ನು ರದ್ದಿಯವನು ಅಂದು ಬೆಳಿಗ್ಗೆಯೇ ಎತ್ತಿಕೊಂಡು ಹೋಗಿದ್ದ. ಅಪ್ಪ ಚಪ್ಪಲಿ ಮೆಟ್ಟಿ ಕಾಟನ್‌ಪೇಟೆಯ ರದ್ದಿ ಗೋಡೌನಿಗೆ ಓಡಿದರು, ಬರಿಗೈಯಲ್ಲಿ ವಾಪಸ್ಸು ಬಂದರು. ಅಷ್ಟು ಹೊತ್ತೂ ಮೇಷ್ಟ್ರು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದರು.

ಅವರು ಅದನ್ನು ಕಾಲೇಜಿಗೆ ಕೊಡಲಿಲ್ಲ. ಅರ್ಧಂಬರ್ಧ ಕೊಡಬಾರದು ಎಂದರಂತೆ ಅಪ್ಪನ ಹತ್ತಿರ. ಆ ವರ್ಷವೂ ಕ್ರಿಸ್ಮಸ್‌ಗೆ ರೋಸ್ ಕುಕ್ಕಿ ತಿಂಡಿಯ ಡಬ್ಬಿ ಕಳಿಸಿದ್ದರು, ನಾನು ಮುಟ್ಟಲಿಲ್ಲ. ಆಮೇಲೆ ಒಂದೆರಡು ಸಲ ಕೋಲು ಹಿಡಿದು ಬಂದರು, ಅಪ್ಪನ ಜೊತೆ ಕಾಫಿ ಕುಡಿದರು. ನನ್ನ ಸದ್ದು ಕೇಳಿದ ಕಡೆ ತಿರುಗಿ, "ಚೆನ್ನಾಗಿದೀಯೇನಮ್ಮ?" ಎಂದರು. ಪುಸ್ತಕದ ಮಾತೆತ್ತಲಿಲ್ಲ. ಅವರು ಹೋದ ಸುದ್ದಿ ಬಂದಾಗ ಅಪ್ಪ ಮಣ್ಣಿಗೆ ಹೋಗಿ ಬಂದರು. ನಾನು ಅಂಗಡಿಯಲ್ಲಿ ಕೆಲಸವಿದೆ ಎಂದೆ. ಇರಲಿಲ್ಲ.

ಕಳೆದ ವಾರ, ಅಂಟು ನೆನೆದ ಮೇಲೆ, ಹಳೆ ಬಟ್ಟೆ ಸುಲಭವಾಗಿ ಬಿಟ್ಟುಕೊಂಡಿತು. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ನಾವು ಬಟ್ಟೆಯ ಕೆಳಗೆ ಕಾಗದದ ತುಂಡುಗಳನ್ನು ಒಂದರ ಮೇಲೊಂದು ಅಂಟಿಸುತ್ತೇವೆ. ಅದಕ್ಕೆ ಹೊಸ ಕಾಗದ ಯಾರೂ ಬಳಸುವುದಿಲ್ಲ. ಆಗತಾನೇ ಕತ್ತರಿಸಿದ ಅಂಚು ಕೈಗೆ ಸಿಗುವಲ್ಲೇ ಬಿದ್ದಿರುತ್ತದೆ, ಪುಸ್ತಕದಷ್ಟೇ ಉದ್ದವಿರುತ್ತದೆ, ಅಳತೆ ಮಾಡಿಸಿದ ಹಾಗೆ ಕೂರುತ್ತದೆ. ಕೈ ತಾನಾಗಿ ಮಾಡುವ ಕೆಲಸ, ತಲೆಗೆ ಅದು ನೆನಪಿರುವುದಿಲ್ಲ. ಮೇಷ್ಟ್ರು ಕೇಳಿದಾಗ ನನ್ನ ತಲೆಗೆ ಮೂಟೆ ಹೊಳೆಯಿತು, ಬೆನ್ನು ಹೊಳೆಯಲಿಲ್ಲ. ಅವರು ಅದೇ ಬೆನ್ನಿನ ಮೇಲೆ ಬೆರಳಾಡಿಸಿದ್ದರು.

ಒಂದೊಂದಾಗಿ ಬಿಡಿಸಿದೆ. ಕೆಂಪು ಶಾಯಿ ಸ್ವಲ್ಪ ಹರಡಿತ್ತು, ಅಕ್ಷರ ಕಾಣುತ್ತಿತ್ತು. ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ತುಂಡುಗಳನ್ನು ಗಾಜಿನ ಮೇಲೆ ಒಣಗಲು ಬಿಟ್ಟು ಮತ್ತಿಕೆರೆಗೆ ಫೋನ್ ಮಾಡಿದೆ. ಒಳಗೆ ದೊಡ್ಡಪ್ಪನವರ ಕೈಬರಹದ ಚೂರುಗಳು ಸಿಕ್ಕಿವೆ ಎಂದೆ.

"ಅಯ್ಯೋ, ಹಳೇದೆಲ್ಲ ಬಿಸಾಕಿ ಆಂಟಿ. ಶನಿವಾರಕ್ಕೆ ಆಗುತ್ತಲ್ವಾ?"

ಆಗುತ್ತೆ ಎಂದೆ. ಬೆನ್ನಿಗೆ ಹೊಸ ಬಿಳಿ ಕಾಗದ ಕತ್ತರಿಸಿ ಹಾಕಿದೆ. ಅಂಚು ಮುಟ್ಟಲಿಲ್ಲ. ಹಿಂದಿನ ರಟ್ಟಿನ ಒಳಮೈಗೆ, ನಕ್ಷೆ ಇಡಲು ಮಾಡುತ್ತೇವಲ್ಲ, ಅಂಥದ್ದೊಂದು ಜೇಬು ಮಾಡಿ ತುಂಡುಗಳನ್ನು ಅದರೊಳಗೆ ಇಟ್ಟೆ. ಯಾರೂ ತೆರೆದು ನೋಡುವುದಿಲ್ಲ, ನೋಡಿದರೂ ಓದುವವರಿಲ್ಲ. ಇಡುವಾಗ ಎಣಿಸಿದೆ. ಹನ್ನೊಂದಿದ್ದವು. ಮೇಷ್ಟ್ರು ನಾಲ್ಕೈದು ಸಾಕು ಎಂದಿದ್ದರು.