ಶನಿವಾರದ ಪಾಠ, ಆಮೇಲೆ ಮಾವಿನಹಣ್ಣು

ನಮ್ಮ ವಿಸಾಯಸ್ ದ್ವೀಪಗಳ ಉನ್ನತ ಶಿಕ್ಷಣದ ವಲಯದಲ್ಲಿ ಡಾ. ಸೊಕೊರೊ ಪನಿಸಾಲೆಸ್ ಅವರ ಹೆಸರು ಕೇಳದವರು ವಿರಳ; ಕೇಳಿ ಒಮ್ಮೆಯಾದರೂ ಹೆದರದವರು ಇನ್ನೂ ವಿರಳ. ಇಲೊಯಿಲೊ ನಗರದ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದು, ಡೀನ್ ಆಗಿ ಈ ಜೂನ್‌ನಲ್ಲಿ ನಿವೃತ್ತರಾದ ಅವರ ವಿದ್ವತ್ತಿನ ಬಗ್ಗೆ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ಅವರ ಕುರ್ಚಿಯಲ್ಲಿ ಈಗ ಕುಳಿತಿರುವ ನನಗೆ ಸಂಪಾದಕರು ‘ಆಡಳಿತಗಾರ್ತಿಯಾಗಿ ಪನಿಸಾಲೆಸ್’ ಎಂಬ ಒಣ ವಿಷಯವನ್ನು ಒಪ್ಪಿಸಿದ್ದಾರೆ. ಹಾಗಾಗಿ ಒಂದು ಕಡೆ ಓದಿದ ಪಿಎಚ್.ಡಿ. ಪಾಠಗಳ ಕ್ರೆಡಿಟ್ಟನ್ನು ಇನ್ನೊಂದು ಕಡೆ ಒಪ್ಪುವ ವಿಚಾರವಾಗಿಯೇ ಬರೆಯುತ್ತೇನೆ. ಓದುಗರು ಆಕಳಿಸುವ ಮುನ್ನ ಒಂದು ಮಾತು: ನನ್ನ ಅನ್ನ ಉಳಿದದ್ದು ಆ ಒಣ ವಿಷಯದಿಂದಲೇ.

ಆಂತಿಕೆ ಪ್ರಾಂತ್ಯದ ಬೆಟ್ಟದ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ತರುಣಿ ಪನಿಸಾಲೆಸ್, ವಾರದ ರಜೆಗಳನ್ನೆಲ್ಲ ಬಸ್ಸಿನಲ್ಲೇ ಕಳೆದು ಎಂ.ಎ.ಯನ್ನೂ ಪಿಎಚ್.ಡಿ.ಯನ್ನೂ ಮುಗಿಸಿ ನಮ್ಮ ವಿಭಾಗಕ್ಕೆ ಬಂದರು. ವಾರವಿಡೀ ಪಾಠ ಹೇಳಿ ಗಂಟಲು ಕಟ್ಟಿಸಿಕೊಂಡು, ಶನಿವಾರ ತಾವೇ ವಿದ್ಯಾರ್ಥಿಗಳಾಗಿ ಬೆಂಚಿನ ಮೇಲೆ ಕೂರುವ ನಮ್ಮಂಥ ಮೇಷ್ಟರುಗಳ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು. ತೂಕಡಿಸುವವರನ್ನು ಅವರು ಗದರಿದ್ದನ್ನು ನಾನು ನೋಡಿಲ್ಲ. ಕಿಟಕಿಯ ಪಕ್ಕಕ್ಕೆ ಕಳಿಸುತ್ತಿದ್ದರು. ಇನ್ನೊಬ್ಬರ ವರದಿಯನ್ನು ನಕಲು ಮಾಡಿ ತಂದವರನ್ನು ಮಾತ್ರ ಮೆಟ್ಟಿಲವರೆಗೂ ಅಟ್ಟಿಸಿಕೊಂಡು ಬರುತ್ತಿದ್ದರು.

ಆಗ ನಾನು ಗಿಮಾರಾಸ್ ದ್ವೀಪದ ಒಂದು ಸಣ್ಣ ಕಾಲೇಜಿನ ಅಧ್ಯಾಪಕ. ನೆಗ್ರೊಸ್ ದ್ವೀಪದಲ್ಲಿ, ಈಗ ಹೆಸರೆತ್ತಿ ಪ್ರಯೋಜನವಿಲ್ಲದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಯ ಪಾಠಗಳನ್ನೆಲ್ಲ ಮುಗಿಸಿ, ಸಮಗ್ರ ಪರೀಕ್ಷೆಯೊಂದು ಬಾಕಿ ಎನ್ನುವಷ್ಟರಲ್ಲಿ, ವಿದ್ಯಾರ್ಥಿಗಳು ಸಾಲದೆ ಆ ವಿಭಾಗವೇ ಬಾಗಿಲು ಹಾಕಿತು. ನಮ್ಮ ಕಾಲೇಜಿನವರೋ, ಮುಂದಿನ ಜೂನ್ ಒಳಗೆ ಪಾಠಗಳ ಹಂತ ದಾಟಿದವರನ್ನಷ್ಟೇ ಕಾಯಂ ಮಾಡುತ್ತೇವೆ, ಉಳಿದವರಿಗೆ ಕೆಲಸವಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಇತ್ತ ಇಲೊಯಿಲೊದ ನಿಯಮ ನೋಡಿದರೆ, ಹೊರಗಿನಿಂದ ಬಂದವರ ಮೂರೇ ವಿಷಯಗಳನ್ನು ಒಪ್ಪಬಹುದು, ಐದು ವರ್ಷ ದಾಟಿದ ಕ್ರೆಡಿಟ್‌ಗೆ ಬೆಲೆಯಿಲ್ಲ. ನನ್ನ ಹೆಂಡತಿ ನೇನಿತಾ ಅದನ್ನೋದಿ, “ಮತ್ತೆ ಮೊದಲಿಂದ ಶುರು ಮಾಡೋದಾದ್ರೆ ದೋಣಿಯಲ್ಲೇ ಒಂದು ಹಾಸಿಗೆ ಹಾಕಿಸ್ಕೊಂಡುಬಿಡು” ಎಂದಳು. ನಗಿಸಲು ಆಡಿದ ಮಾತು. ಇಬ್ಬರಿಗೂ ನಗು ಬರಲಿಲ್ಲ.

ಪ್ರಬಂಧ ಮಂಡಿಸುವ ದಿನ ಪರೀಕ್ಷಕರಿಗೆ ಊಟ ಹಾಕುವುದು ನಮ್ಮ ಕಡೆ ವಾಡಿಕೆ. ಪನ್ಸಿತ್ ಶಾವಿಗೆಯ ದೊಡ್ಡ ತಟ್ಟೆಯಿಲ್ಲದೆ ಡಾಕ್ಟರ್ ಆದವರನ್ನು ನಾನು ಕಂಡಿಲ್ಲ. ಆ ವಾಡಿಕೆಯನ್ನೇ ಸ್ವಲ್ಪ ಮುಂಚಿತವಾಗಿ ಪಾಲಿಸಿದರೆ ಕೆಲಸ ಸಲೀಸಾದೀತೆಂದು ಎಣಿಸಿ, ಅರ್ಜಿ ಕೊಡುವ ದಿನವೇ ನಮ್ಮ ದ್ವೀಪದ ಮಾವಿನಹಣ್ಣನ್ನು ಬುಟ್ಟಿ ತುಂಬ ಹೊತ್ತು ಡೀನ್ ಅವರ ಕೋಣೆಗೆ ಹೋದೆ. ಅವರು ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು.

“ಇದೇನು, ಸಂತೆಗೆ ಬಂದಿದ್ದೀರಾ?”

“ಇಲ್ಲ ಮೇಡಂ, ಸುಮ್ನೆ... ನಮ್ಮ ತೋಟದ್ದು.”

“ವಾಪಸ್ ತಗೊಂಡ್ಹೋಗಿ. ನಂಗೆ ಮಾವು ಅಂದ್ರೆ ಪ್ರಾಣ, ಅದಕ್ಕೇ ಹೇಳ್ತಿರೋದು. ಮೊದಲು ತೀರ್ಮಾನ ಆಗ್ಲಿ, ಹಣ್ಣು ಆಮೇಲೆ.”

ಬುಟ್ಟಿಯನ್ನು ಬಾಗಿಲಾಚೆ ಇಟ್ಟು ಬಂದೆ. ಕೋಣೆಯೊಳಗೆಲ್ಲ ಅದರ ಪರಿಮಳ, ಅವರ ಮುಖ ಮಾತ್ರ ಗಂಟು. ಅವರು ನನ್ನ ಹಳೆಯ ಪಾಠಗಳ ವಿವರ ನೋಡುತ್ತಿರುವಾಗ, ಹೆಸರುಗಳೆಲ್ಲ ಇಲ್ಲಿಯವೇ ಆಗಿವೆಯಲ್ಲ ಮೇಡಂ ಎಂದು ನಾನು ಅಂಗಲಾಚಿದಾಗ, “ಹೆಸರು ಒಂದೇ ಆದ್ರೆ ಪಾಠ ಒಂದೇನಾ? ಈ ಊರಲ್ಲಿ ಹತ್ತು ಜನ ಸೊಕೊರೊ ಇದ್ದಾರೆ. ಎಲ್ರನ್ನೂ ಡೀನ್ ಮಾಡೋಕಾಗುತ್ತಾ?” ಎಂದರು. ನಾನು ಮುಖ ಸಪ್ಪೆ ಮಾಡಿಕೊಂಡು ಎದ್ದೆ. ಬಾಗಿಲು ಮುಟ್ಟುವಷ್ಟರಲ್ಲಿ ಕರೆದು ಕೇಳಿದರು: “ಓದಿದ್ದೀನಿ ಅಂತೀರಲ್ಲ, ನಿಜವಾಗ್ಲೂ ಓದಿದ್ದೀರಾ?”

“ಓದಿದ್ದೀನಿ ಮೇಡಂ.”

“ಹಾಗಾದ್ರೆ ಶನಿವಾರ ಬಂದು ನಮ್ಮ ಹುಡುಗ್ರಿಗೆ ಪಾಠ ಮಾಡಿ. ಅವರಿಗೆ ಅರ್ಥ ಆದ್ರೆ ನೀವು ಓದಿದ್ದು ನಿಜ.”

ಪಾಠ ಮಾಡಿಸಿ ಕ್ರೆಡಿಟ್ ಒಪ್ಪುವ ಅವರ ಪ್ರಸಿದ್ಧ ಪದ್ಧತಿ ಹುಟ್ಟಿದ್ದು ಹೀಗೆ. ಇದು ನಿಯಮದ ಉಲ್ಲಂಘನೆಯಲ್ಲವೇ ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ಸಭೆಯಲ್ಲಿ ಆಕ್ಷೇಪಿಸಿದರಂತೆ. ಮಿತಿಗಿಂತ ಹೆಚ್ಚಿನ ವಿಷಯಗಳನ್ನೂ ಅವಧಿ ಮೀರಿದವನ್ನೂ ‘ಪರೀಕ್ಷೆಯ ಮೂಲಕ’ ಒಪ್ಪಬಹುದೆಂಬ, ಯಾರೂ ಬಳಸದೆ ಧೂಳು ಹಿಡಿದಿದ್ದ ನಿಯಮದ ಸಾಲೊಂದನ್ನು ಮೇಡಂ ಓದಿ ತೋರಿಸಿ, “ಇಲ್ಲಿ ಪರೀಕ್ಷೆ ಅಂತಿದೆ, ಸರ್. ಪೆನ್ನು ಪೇಪರ್ ಅಂತ ಎಲ್ಲಿದೆ?” ಎಂದು ಕೇಳಿದರಂತೆ. ಹಿರಿಯರು ಕನ್ನಡಕ ಏರಿಸಿ ಹುಡುಕಿದರು. ಸಿಗಲಿಲ್ಲ.

ಆ ವರ್ಷದ ನನ್ನ ಶನಿವಾರಗಳನ್ನು ನಾನು ಮರೆಯುವಂತಿಲ್ಲ. ಕಡಲು ಎದ್ದ ದಿನ ದೋಣಿಯಲ್ಲಿ ನೆನೆದು, ಒದ್ದೆ ಅಂಗಿಯಲ್ಲೇ ಪಾಠಕ್ಕೆ ನಿಲ್ಲುತ್ತಿದ್ದೆ. ಮೇಡಂ ಹಿಂದಿನ ಸಾಲಿನಲ್ಲಿ ತಾಳೆಗರಿಯ ಬೀಸಣಿಗೆ ಬೀಸಿಕೊಳ್ಳುತ್ತ ಕೂರುವರು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಪಾಠ ಮುಗಿದ ಮೇಲೆ ನನ್ನನ್ನು ಹೊರಗೆ ನಿಲ್ಲಿಸಿ, ತರಗತಿಯಲ್ಲಿ ಎಲ್ಲರಿಗಿಂತ ಹಿಂದುಳಿದವರು ಯಾರೋ ಅವರನ್ನೇ ಎಬ್ಬಿಸಿ, ಈಗ ಕೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು ಎನ್ನುವರು. ಹೊರಗೆ ನಿಂತ ನನಗೆ ಒಳಗಿನ ತೊದಲು ಕೇಳಿಸುತ್ತಿತ್ತು. ನನ್ನ ನೌಕರಿ ಆ ತೊದಲಿಗೆ ನೇತುಬಿದ್ದಿತ್ತು. ಒಂದೊಂದಾಗಿ ವಿಷಯಗಳು ದಾಟಿದವು. ಉಳಿದದ್ದು ಸಂಖ್ಯಾಶಾಸ್ತ್ರ.

ಅಂದು ನಾನು ಬಹಳ ಚೆನ್ನಾಗಿ ಪಾಠ ಮಾಡಿದೆನೆಂದೇ ನಂಬಿದ್ದೆ. ಮೇಡಂ ಹೊರಗೆ ಬಂದವರು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತು, ಬೀಸಣಿಗೆಯನ್ನು ಮಡಿಲಲ್ಲಿಟ್ಟುಕೊಂಡರು.

“ಹುಡುಗ್ರು ನಿಮ್ಮ ಮಾತನ್ನ ಹಾಗೇ ಒಪ್ಪಿಸಿದ್ರು. ಯಾಕೆ ಅಂತ ಕೇಳಿದ್ರೆ ಒಬ್ಬರಿಗೂ ಗೊತ್ತಿಲ್ಲ. ನಿಮಗೆ ಗೊತ್ತಾ?”

ನನಗೂ ಗೊತ್ತಿರಲಿಲ್ಲ. ಹಳೆಯ ವಿಶ್ವವಿದ್ಯಾಲಯದಲ್ಲಿ ಸೂತ್ರಗಳನ್ನು ಬಾಯಿಪಾಠ ಮಾಡಿ ಪಾಸಾದವನು ನಾನು. “ಇದನ್ನ ಒಪ್ಪೋಕಾಗಲ್ಲ ತೊತೊ. ಮತ್ತೆ ಓದ್ಬೇಕು” ಎಂದರು. ನಮ್ಮ ಕಡೆ ತಮ್ಮಂದಿರನ್ನು ಕರೆಯುವ ಹಾಗೆ ಅವರು ನನ್ನನ್ನು ತೊತೊ ಎಂದದ್ದು ಅದೇ ಮೊದಲು. ಅಲ್ಲಿಗೆ ಕೆಲಸ ಹೋಯಿತೆಂದುಕೊಂಡೆ. ಜೂನ್‌ಗೆ ಮುಂಚೆ ಉಳಿದಿದ್ದುದು ಬೇಸಿಗೆಯ ತರಗತಿ ಮಾತ್ರ; ಅದು ನಡೆಯಬೇಕಾದರೆ ಐವರು ವಿದ್ಯಾರ್ಥಿಗಳು ಬೇಕು. ಸಂಖ್ಯಾಶಾಸ್ತ್ರಕ್ಕಾಗಿ ಬೇಸಿಗೆ ರಜೆಯನ್ನು ಹಾಳುಮಾಡಿಕೊಳ್ಳುವ ಪುಣ್ಯಾತ್ಮರು ನನ್ನನ್ನು ಸೇರಿಸಿ ನಾಲ್ವರೇ ಸಿಕ್ಕಿದರು. ಲೆಕ್ಕ ನಾಲ್ಕಕ್ಕೇ ನಿಂತ ದಿನ ನಾನು ಮನೆಗೆ ಹೋಗಿ, ಬೇರೆ ಕೆಲಸ ಹುಡುಕೋಣವೆಂದು ನೇನಿತಾಗೆ ಹೇಳಿಬಿಟ್ಟೆ.

ಏಪ್ರಿಲ್‌ನ ಮೊದಲ ತರಗತಿಗೆ, ರದ್ದಾಗಿರುತ್ತದೆ ಎಂದುಕೊಂಡೇ ಹೋದವನಿಗೆ ಮುಂದಿನ ಬೆಂಚಿನಲ್ಲಿ ಕಂಡದ್ದು ತಾಳೆಗರಿಯ ಬೀಸಣಿಗೆ. ಡಾ. ಸೊಕೊರೊ ಪನಿಸಾಲೆಸ್ ಎಲ್ಲರ ಹಾಗೆ ಶುಲ್ಕ ಕಟ್ಟಿ ಐದನೆಯ ವಿದ್ಯಾರ್ಥಿಯಾಗಿ ಸೇರಿದ್ದರು. ಪಾಠ ಹೇಳಬೇಕಾದ ಪ್ರೊ. ತಿರ್ಸೊ ಬಲೋನ್ ಅವರು ಹಾಜರಿ ಕರೆಯುವಾಗ ಆ ಹೆಸರಿನ ಹತ್ತಿರ ನಿಂತು, “ಮೇಡಂ, ನಿಮ್ಮನ್ನ ನಾನು ಹೇಗೆ...” ಎಂದು ಬೆವರಿದರು.

“ಪನಿಸಾಲೆಸ್ ಅನ್ನಿ, ಪ್ರೆಸೆಂಟ್ ಸರ್ ಅಂತೀನಿ. ಅಷ್ಟಕ್ಕೆ ಯಾಕ್ರೀ ಬೆವರ್ತೀರಿ?”

ಡೀನ್ ಆಗಿದ್ದವರು ಹೆಸರಿಗೆ ಸೇರಿ ಗೈರಾಗಬಹುದಿತ್ತು. ಅವರು ಒಂದು ದಿನವೂ ತಪ್ಪಿಸಲಿಲ್ಲ, ಮನೆಕೆಲಸ ಬರೆದು ತಂದರು, ಒಮ್ಮೆ ನನಗಿಂತ ಕಡಿಮೆ ಅಂಕ ಬಂದಾಗ ಇಡೀ ಮಧ್ಯಾಹ್ನ ಯಾರ ಹತ್ತಿರವೂ ಮಾತಾಡಲಿಲ್ಲ. ಗೊತ್ತಿದ್ದೂ ‘ಯಾಕೆ ಸರ್?’ ಎಂದು ಕೇಳುತ್ತಿದ್ದರೆಂದು ಆಗ ಭಾವಿಸಿದ್ದೆ. ನಿಜವಾಗಿಯೂ ತಿಳಿಯದೆಯೇ ಕೇಳುತ್ತಿದ್ದರೆಂದು ಅವರೇ ಆಮೇಲೆ ಹೇಳಿದರು. ಮೇ ತಿಂಗಳ ಕೊನೆಗೆ ಸಂಖ್ಯಾಶಾಸ್ತ್ರ ದಾಟಿದೆ, ಜೂನ್‌ನಲ್ಲಿ ಕಾಯಂ ಆದೆ. ಮರುದಿನವೇ ಬುಟ್ಟಿ ಹೊತ್ತು ಅವರ ಕೋಣೆಗೆ ಹೋದೆ. ಬಾಗಿಲು ಹಾಕಿ, ಕೈ ಮೊಣಕೈವರೆಗೆ ರಸ ಸುರಿಸಿಕೊಳ್ಳುತ್ತ ಅವರು ಹಣ್ಣು ತಿಂದದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಆ ಬಳಿಕ ನನ್ನನ್ನು ಇದೇ ವಿಭಾಗಕ್ಕೆ ಕರೆಸಿಕೊಂಡು, ತಿದ್ದಿ, ಬೈದು, ಬೆಳೆಸಿದರು. ಬಾಗಿಲು ಮುಚ್ಚಿದ ಎಷ್ಟೋ ಸಂಸ್ಥೆಗಳ ಎಷ್ಟೋ ಮಂದಿ ಶನಿವಾರದ ಆ ಪಾಠದ ದಾರಿಯಲ್ಲಿ ಡಾಕ್ಟರ್ ಆಗಿದ್ದಾರೆ. ದಾಟದವರೂ ಇದ್ದಾರೆ, ಅವರೂ ಮೇಡಂ ಅವರನ್ನು ಶಪಿಸಿದ್ದು ಕಡಿಮೆ.

ಕಳೆದ ತಿಂಗಳು ನನ್ನ ಮೇಜಿಗೊಂದು ಅರ್ಜಿ ಬಂತು. ಮೀನುಗಾರಿಕೆ ವಿಷಯದಲ್ಲಿ ಎರಡನೆಯ ಪಿಎಚ್.ಡಿ. ಮಾಡುವಾಸೆ, ಅರ್ಜಿದಾರರ ಹೆಸರು ಸೊಕೊರೊ ಪನಿಸಾಲೆಸ್. ಸಂಖ್ಯಾಶಾಸ್ತ್ರವನ್ನು ನನ್ನ ಜೊತೆಯಲ್ಲೇ ಪಾಸಾದವರಲ್ಲವೇ ಎಂದು ಆ ಒಂದು ವಿಷಯದ ವಿನಾಯಿತಿಗೆ ಸಹಿ ಹಾಕಿ ಕಳಿಸಿದೆ. ಸಂಜೆಯೇ ಫೋನು.

“ತೊತೊ, ಐದು ವರ್ಷ ದಾಟಿದ ಕ್ರೆಡಿಟ್ ಲೆಕ್ಕಕ್ಕಿಲ್ಲ ಅನ್ನೋದನ್ನ ಮರೆತುಬಿಟ್ಯಾ? ನನ್ನ ಮುಖ ನೋಡಿ ಸಹಿ ಹಾಕಿದ್ಯಾ?”

“ಮೇಡಂ, ನಿಮಗೆ ಗೊತ್ತಿಲ್ವಾ ಆ ವಿಷಯ?”

“ಗೊತ್ತು ಅನ್ಕೊಂಡಿದ್ದೀನಿ. ನೀನೂ ಹಂಗೇ ಅನ್ಕೊಂಡಿದ್ದೆ.”

ಆ ಸಹಿಯನ್ನು ಹೊಡೆದುಹಾಕಿದ್ದೇನೆ. ಪ್ರಿಯ ಮೇಡಂ, ಈ ಸಂಪುಟ ನಿಮ್ಮ ಕೈಸೇರುವ ವಾರದ ಶನಿವಾರವೇ ನಿಮ್ಮ ಪಾಠ. ಹಿಂದಿನ ಸಾಲಿನಲ್ಲಿ ಪ್ರೊ. ಬಲೋನ್ ಬೀಸಣಿಗೆ ಹಿಡಿದು ಕೂರುತ್ತಾರೆ, ಈಗಿನಿಂದಲೇ ಬೆವರುತ್ತಿದ್ದಾರೆ. ತರಗತಿಯಲ್ಲಿ ಎಲ್ಲರಿಗಿಂತ ಹಿಂದುಳಿದವರು ಯಾರೆಂದು ನಾನು ಗೊತ್ತುಮಾಡಿಕೊಂಡಿದ್ದೇನೆ. ಆರೋಗ್ಯವೂ ಕೆಲಸವೂ ನಿಮ್ಮನ್ನು ಬಿಡದಿರಲಿ. ಐದು ವರ್ಷದ ಆ ನಿಯಮ ನಿಮ್ಮ ಆಯಸ್ಸಿನ ಹತ್ತಿರ ಸುಳಿಯದಿರಲಿ. ನಿಮ್ಮ ಎರಡನೆಯ ಪ್ರಬಂಧದ ದಿನ ಪನ್ಸಿತ್ ಬಡಿಸಿಕೊಂಡು ಉಣ್ಣುವ ಯೋಗ ನಮಗೆಲ್ಲ ಬರಲಿ.

ನೀವು ಕೈಬೀಸಿಕೊಂಡು ಬನ್ನಿ. ಮಾವಿನಹಣ್ಣು ನಾನೇ ತಂದು ಬಾಗಿಲಾಚೆ ಇಟ್ಟಿರುತ್ತೇನೆ.