ಪಕ್ಕದ ಮನೆಯವರ ‘ಕೂತ್ಕೋ’

ಹ್ಯೂಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲೆಂಡಿನ ಹೆಂಗಸು ಮಕ್ಕಳ ಪುಸ್ತಕಗಳಿಗೆ ಕಥೆ, ಚಿತ್ರ ಎರಡನ್ನೂ ಬರೆಯುತ್ತಿದ್ದರು, ಅದೂ ನಿಂತುಕೊಂಡೇ. ಎರಡು ಗೆರೆ ಎಳೆದರೆ ಒಮ್ಮೆ ಕಿಟಕಿಯವರೆಗೆ ಹೋಗಿಬರಲೇಬೇಕು. ನಾನು ಮಗಳಿಗೆ ಹೇಳುವುದನ್ನು ಕೇಳಿ ಅವರು ಕಲಿತ ಒಂದೇ ಕನ್ನಡ ಪದ ‘ಕೂತ್ಕೋ’. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಮೈಸೂರಿನಿಂದ ಬಂದಿದ್ದ ನಮ್ಮತ್ತೆಯ ಚಿತ್ರ ಬರೆಯಲು ಕುರ್ಚಿ ತೋರಿಸಿ, “ಕೂತ್ಕೋ” ಎಂದುಬಿಟ್ಟರು. ಏಕವಚನ ಸಹಿಸದ ಅತ್ತೆ ಸಿಡಿಯುತ್ತಾರೆಂದು ನಾನು ಹೆದರಿದೆ.

“ಆಗ್ಲಿಂದ ಸುತ್ತುತ್ತಾನೇ ಇದೀಯಲ್ಲಮ್ಮ, ಮೊದ್ಲು ನೀನು ಕೂತ್ಕೋ,” ಎಂದು ಅತ್ತೆಯೇ ಅವರನ್ನು ಕೈಹಿಡಿದು ಕೂರಿಸಿದರು. ಕೂತರೂ ಅವರ ಒಂದು ಕಾಲು ಅಲುಗುತ್ತಲೇ ಇತ್ತು.

ಮರುವರ್ಷ ಅವರು ಆಸ್ಟಿನ್ನಿಗೆ ಶಿಫ್ಟ್ ಆದರು. ಅಲ್ಲಿಂದ ಕಳಿಸಿದ ಚಿತ್ರದಲ್ಲಿ ಅತ್ತೆ ನಿಂತಿದ್ದಾರೆ, ಕುರ್ಚಿಯಲ್ಲಿ ಕೂತಿರುವುದು ಚಿತ್ರ ಬರೆದವರೇ. ಅಲುಗುತ್ತಿದ್ದ ಆ ಒಂದು ಕಾಲಿಗೆ ಮಾತ್ರ ಐದು ಪಾದ.